ಸರ್ಪಗಂಧ ಕಲಿಸಿದ ಮಿದುಳಿನ ಪಾಠ

ಸ್ಕಿಜೋಫ್ರೀನಿಯಾದಂಥ ತೀವ್ರ ಮನೋರೋಗವನ್ನು ಗುಳಿಗೆಯಿಂದ ಹತೋಟಿಗೆ ತರಬಹುದೆಂಬ ನಂಬಿಕೆ ವೈದ್ಯಲೋಕದಲ್ಲಿ ಬೇರೂರಿದ್ದು 1950ರ ದಶಕದಲ್ಲಿ. ಅದಕ್ಕೆ ಕಾರಣವಾದ ಔಷಧಿಗಳು ಎರಡು. ಕ್ಲೋರ್‌ಪ್ರೊಮಜಿನ್ ಫ್ರಾನ್ಸಿನ ಪ್ರಯೋಗಾಲಯದಲ್ಲಿ ತಯಾರಾಯಿತು. ರಿಸರ್ಪಿನ್ ನಮ್ಮ ಪಶ್ಚಿಮ ಘಟ್ಟದಲ್ಲೂ ಹಿಮಾಲಯದ ತಪ್ಪಲಲ್ಲೂ ಬೆಳೆಯುವ ಸರ್ಪಗಂಧದ ಬೇರಿನಿಂದ ಬಂತು. ಈ ಎರಡನೆಯದರ ಕಥೆಯನ್ನು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಹೇಳುತ್ತಾರೆ. ನಮ್ಮ ಪೂರ್ವಿಕರಿಗೆ ಎಲ್ಲವೂ ಗೊತ್ತಿತ್ತು, ಪಾಶ್ಚಾತ್ಯರು ತಡವಾಗಿ ಒಪ್ಪಿಕೊಂಡರು ಎನ್ನುವುದು ಒಂದು. ಅದೊಂದು ಹಳೆಯ ನಾರುಬೇರು, ಉತ್ತಮ ಔಷಧಿಗಳು ಬಂದ ಮೇಲೆ ಮೂಲೆ ಸೇರಿತು ಎನ್ನುವುದು ಇನ್ನೊಂದು. ಎರಡೂ ಅರ್ಧ ಸತ್ಯ ಎಂಬುದು ನನ್ನ ವಾದ. ಸರ್ಪಗಂಧದ ನಿಜವಾದ ಮಹತ್ವ ಅದು ಗುಣಪಡಿಸಿದ ರೋಗಿಗಳ ಲೆಕ್ಕದಲ್ಲಿಲ್ಲ. ಅದು ಉಂಟುಮಾಡಿದ ತೊಂದರೆಗಳಿಗೆ ಕಾರಣ ಹುಡುಕಲು ಹೊರಟವರು ಮಿದುಳಿನ ರಸಾಯನಶಾಸ್ತ್ರಕ್ಕೇ ದಾರಿ ತೆರೆದರು. ಆ ದಾರಿಯ ಮೊದಲ ಹೆಜ್ಜೆಗಳನ್ನು ಇಟ್ಟವರು ಪೂರ್ವಿಕರೂ ಅಲ್ಲ, ಪಾಶ್ಚಾತ್ಯರೂ ಅಲ್ಲ. ಕಲ್ಕತ್ತಾ, ದೆಹಲಿ, ಮುಂಬಯಿಯಲ್ಲಿ ಕುಳಿತು ಅಳತೆ ಮಾಡಿ ಬರೆದಿಟ್ಟ ಭಾರತೀಯ ವೈದ್ಯರು ಮತ್ತು ವಿಜ್ಞಾನಿಗಳು.

ಬೇರಿನ ಬಳಕೆ ಹಳೆಯದೆಂಬುದರಲ್ಲಿ ಅನುಮಾನವಿಲ್ಲ. ಹಾವು ಕಡಿತಕ್ಕೆ, ಜ್ವರಕ್ಕೆ, ಹೊಟ್ಟೆನೋವಿಗೆ ಅದನ್ನು ಕೊಡುತ್ತಿದ್ದರು. ಬಿಹಾರದ ಸಂತೆಗಳಲ್ಲಿ ಅದು ‘ಪಾಗಲ್ ಕಿ ದವಾ’ ಎಂಬ ಹೆಸರಿನಲ್ಲೇ ಮಾರಾಟವಾಗುತ್ತಿತ್ತು. ಆದರೆ ಬಳಕೆ ಬೇರೆ, ಪುರಾವೆ ಬೇರೆ. 1931ರಲ್ಲಿ ಕಲ್ಕತ್ತಾದ ಕವಿರಾಜ ಗಣನಾಥ ಸೇನ್ ಮತ್ತು ಡಾ. ಕಾರ್ತಿಕ್ ಚಂದ್ರ ಬೋಸ್ ಸರ್ಪಗಂಧವನ್ನು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಹೊಸ ಭಾರತೀಯ ಔಷಧಿ ಎಂದು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದಾಗ ಅವರು ಮಾಡಿದ ಮುಖ್ಯ ಕೆಲಸ ಪ್ರಮಾಣವನ್ನು ಹೇಳಿದ್ದು. ಬೇರಿನ ಪುಡಿಯನ್ನು ದಿನಕ್ಕೆರಡು ಸಲ 20ರಿಂದ 30 ಗ್ರೇನ್ ಕೊಟ್ಟರೆ ನಿದ್ದೆ ಬರುತ್ತದೆ, ಒತ್ತಡ ಇಳಿಯುತ್ತದೆ, ರೋಗಿಯ ಆರ್ಭಟ ತಗ್ಗುತ್ತದೆ ಎಂದು ಅವರು ದಾಖಲಿಸಿದರು. ಅದೇ ವರ್ಷ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿ ಬೇರಿನಿಂದ ಆಲ್ಕಲಾಯ್ಡ್ ಎಂಬ ಹಲವು ಸಸ್ಯ ರಾಸಾಯನಿಕಗಳನ್ನು ಬೇರ್ಪಡಿಸಿದರು. ಅವುಗಳಲ್ಲೊಂದಕ್ಕೆ ಕಾಲೇಜಿನ ಸಂಸ್ಥಾಪಕ ಹಕೀಂ ಅಜ್ಮಲ್ ಖಾನರ ನೆನಪಿನಲ್ಲಿ ಅಜ್ಮಲೀನ್ ಎಂದು ಹೆಸರಿಟ್ಟರು. ಹೃದಯದ ಲಯ ತಪ್ಪಿಸುವ ಬ್ರುಗಾಡಾ ಎಂಬ ಆನುವಂಶಿಕ ಕಾಯಿಲೆಯನ್ನು ಪತ್ತೆಹಚ್ಚಲು ಇಂದಿಗೂ ಅಜ್ಮಲೀನ್ ಬಳಸುತ್ತಾರೆ. 1933ರ ಹೊತ್ತಿಗೆ ಕಲ್ಕತ್ತಾದ ಉಷ್ಣವಲಯ ವೈದ್ಯಕೀಯ ಶಾಲೆಯಲ್ಲಿ ರಾಮನಾಥ ಚೋಪ್ರಾ ಮತ್ತು ಸಂಗಡಿಗರು ಪ್ರಾಣಿಗಳ ಮೇಲೆ ಇದರ ಪರಿಣಾಮವನ್ನು ಪರೀಕ್ಷಿಸಿದ್ದರು. ಮರುವರ್ಷ ಹಿಮಾಲಯ ಕಂಪನಿ ‘ಸರ್ಪಿನಾ’ ಗುಳಿಗೆಯನ್ನು ಮಾರುಕಟ್ಟೆಗೆ ತಂದಿತು. ಆ ಕಂಪನಿ ಹುಟ್ಟಿದ್ದು ಡೆಹ್ರಾಡೂನಿನಲ್ಲಿ, ನೆಲೆ ನಿಂತದ್ದು ನಮ್ಮ ಬೆಂಗಳೂರಿನಲ್ಲಿ.

ಇಷ್ಟೆಲ್ಲ ನಡೆದರೂ ಹೊರಗಿನವರು ಇದನ್ನು ಓದಲಿಲ್ಲ. ಭಾರತದ ಪತ್ರಿಕೆಗಳಲ್ಲಿ ಅಚ್ಚಾದದ್ದು ಲಂಡನ್, ನ್ಯೂಯಾರ್ಕಿನ ಓದುಮೇಜನ್ನು ಮುಟ್ಟಲು ಸುಮಾರು ಎರಡು ದಶಕ ಬೇಕಾಯಿತು. ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ 50 ರೋಗಿಗಳ ರಕ್ತದೊತ್ತಡದ ಮೇಲೆ ಸರ್ಪಗಂಧದ ಪರಿಣಾಮವನ್ನು 1949ರಲ್ಲಿ ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟಿಸಿದ ಮೇಲಷ್ಟೇ ಬಾಗಿಲು ತೆರೆಯಿತು. ಬಾಸ್ಟನ್ನಿನ ರಾಬರ್ಟ್ ವಿಲ್ಕಿನ್ಸ್ ಅದನ್ನು ತಮ್ಮ ರಕ್ತದೊತ್ತಡದ ರೋಗಿಗಳಿಗೆ ಕೊಟ್ಟು ನೋಡಿದರು. ಒತ್ತಡ ಇಳಿಯಿತು, ಜೊತೆಗೆ ರೋಗಿಗಳ ಮನಸ್ಸೂ ತಣ್ಣಗಾಗಿತ್ತು. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಮ್ಯುಲ್ಲರ್, ಶ್ಲಿಟ್ಲರ್, ಬೈನ್ ಎಂಬ ಮೂವರು 1952ರಲ್ಲಿ ಮುಖ್ಯ ಆಲ್ಕಲಾಯ್ಡನ್ನು ಶುದ್ಧರೂಪದಲ್ಲಿ ಹೊರತೆಗೆದರು. ಅದೇ ರಿಸರ್ಪಿನ್. ಅಹಮದಾಬಾದಿನ ವೈದ್ಯ ಆರ್.ಎ. ಹಕೀಂ ಮನೋರೋಗಿಗಳಿಗೆ ಸರ್ಪಗಂಧ ಕೊಟ್ಟ ಸುದ್ದಿ ಅಮೆರಿಕ ತಲುಪಿತು. ನ್ಯೂಯಾರ್ಕಿನ ರಾಕ್‌ಲೆಂಡ್ ಸರ್ಕಾರಿ ಆಸ್ಪತ್ರೆಯಲ್ಲಿದ್ದ ನೇಥನ್ ಕ್ಲೈನ್ ಅದನ್ನು ತಮ್ಮ ವಾರ್ಡುಗಳಲ್ಲಿ ಪರೀಕ್ಷಿಸಿ 1954ರಲ್ಲಿ ವರದಿ ಮಾಡಿದರು. ಅಮೆರಿಕದ ಸರ್ಕಾರಿ ಮನೋರೋಗ ಆಸ್ಪತ್ರೆಗಳಲ್ಲಿ ಆಗ ಸುಮಾರು 5.5 ಲಕ್ಷ ಜನ ತುಂಬಿಕೊಂಡಿದ್ದರು. ಅವರನ್ನು ಕಟ್ಟಿಹಾಕುವುದು, ತಣ್ಣೀರಿನ ಬಟ್ಟೆ ಸುತ್ತುವುದು, ಮಿದುಳಿಗೆ ಕತ್ತರಿ ಹಾಕುವುದು ರೂಢಿಯಾಗಿದ್ದ ಕಾಲವದು. ಒಡೆದ ಕಿಟಕಿ ಗಾಜು ಬದಲಿಸುವ ಕೆಲಸಗಾರನಿಗೆ ಕೆಲಸವೇ ಕಡಿಮೆಯಾಯಿತೆಂದು ಕ್ಲೈನ್ ಮುಂದೆ ನೆನಪಿಸಿಕೊಂಡಿದ್ದಾರೆ. ವಾರ್ಡಿನ ಬದಲಾವಣೆಯನ್ನು ಅದಕ್ಕಿಂತ ಚೆನ್ನಾಗಿ ಯಾವ ಅಂಕಿಯೂ ಹೇಳಲಾರದು. ಅಮೆರಿಕದ ವೈದ್ಯಕೀಯ ಪುರಸ್ಕಾರವಾದ ಲಾಸ್ಕರ್ ಪ್ರಶಸ್ತಿಯನ್ನು 1957ರಲ್ಲಿ ಪಡೆದವರ ಪಟ್ಟಿಯಲ್ಲಿ ಕ್ಲೈನ್ ಹೆಸರೂ ಇತ್ತು, ವಕೀಲರ ಹೆಸರೂ ಇತ್ತು. ಸೇನ್, ಬೋಸ್ ಹೆಸರುಗಳಿರಲಿಲ್ಲ. ಆ ಕೊರತೆ ಸಣ್ಣದಲ್ಲ.

ಬೇರನ್ನು ಹಾಗೇ ಅರೆದು ಕೊಟ್ಟರೆ ಸಾಲದೇ, ಅದರಿಂದ ಒಂದೇ ಅಂಶವನ್ನು ಹಿಂಡಿ ತೆಗೆದದ್ದೇ ತೊಂದರೆಗೆ ಮೂಲವಲ್ಲವೇ ಎಂದು ಕೇಳುವವರಿದ್ದಾರೆ. ಈ ಆಕ್ಷೇಪಕ್ಕೆ ಬೇರಿನಲ್ಲೇ ಉತ್ತರವಿದೆ. ಒಣಬೇರಿನಲ್ಲಿ 50ಕ್ಕೂ ಹೆಚ್ಚು ಆಲ್ಕಲಾಯ್ಡ್‌ಗಳಿವೆ, ರಿಸರ್ಪಿನ್ ಇರುವುದು ಸುಮಾರಾಗಿ ಶೇ 0.1ರ ಆಸುಪಾಸು. ಮಣ್ಣು, ಗಿಡದ ವಯಸ್ಸು, ಕಿತ್ತ ಋತು ಬದಲಾದಂತೆ ಆ ಪ್ರಮಾಣವೂ ಬದಲಾಗುತ್ತದೆ. ರಕ್ತದೊತ್ತಡಕ್ಕೆ ದಿನಕ್ಕೆ ಕಾಲು ಮಿಲಿಗ್ರಾಂ ರಿಸರ್ಪಿನ್ ಸಾಕಾದರೆ, ಮನೋರೋಗಕ್ಕೆ ಹಲವು ಮಿಲಿಗ್ರಾಂ ಕೊಡುತ್ತಿದ್ದರು. ಇಷ್ಟು ಸಣ್ಣ ಅಳತೆಯಲ್ಲಿ ಕೆಲಸ ಮಾಡುವ ವಸ್ತುವನ್ನು ಚಿಟಿಕೆಯ ಲೆಕ್ಕದಲ್ಲಿ ಕೊಡುವುದು ರೋಗಿಯ ಪಾಲಿಗೆ ಸುರಕ್ಷಿತವಲ್ಲ. ಗಿಡದಿಂದ ಬಂದದ್ದು ಮೃದು, ಕಾರ್ಖಾನೆಯಿಂದ ಬಂದದ್ದು ಕಠೋರ ಎಂಬ ಭಾವನೆ ಇಂದಿಗೂ ಎಷ್ಟೋ ಮನೆಗಳಲ್ಲಿದೆ. ಅದನ್ನು ಸುಳ್ಳು ಮಾಡಲು ಸರ್ಪಗಂಧ ಒಂದೇ ಸಾಕು. ಹೆಚ್ಚಾದರೆ ಮೂಗು ಕಟ್ಟುತ್ತದೆ, ಭೇದಿಯಾಗುತ್ತದೆ, ಒತ್ತಡ ಅತಿಯಾಗಿ ಕುಸಿಯುತ್ತದೆ, ಕೈಕಾಲು ಬಿಗಿದು ನಡುಗುತ್ತವೆ.

ಈ ನಡುಕವೇ ವಿಜ್ಞಾನಕ್ಕೆ ಸುಳಿವಾಯಿತು. ಮಾನಸಿಕ ರೋಗಿಗೆ ಕೊಟ್ಟ ಔಷಧಿಯಿಂದ ಪಾರ್ಕಿನ್ಸನ್ ಕಾಯಿಲೆಯಂಥದೇ ಲಕ್ಷಣ ಏಕೆ ಕಾಣಿಸಬೇಕು? 1955ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಪ್ಲೆಚರ್, ಶೋರ್, ಬ್ರೋಡಿ ಎಂಬವರು ರಿಸರ್ಪಿನ್ ಕೊಟ್ಟ ಪ್ರಾಣಿಗಳ ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಬರಿದಾಗುವುದನ್ನು ತೋರಿಸಿದರು. ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ಅಲ್ಲಿಗೆ ನಿಲ್ಲಲಿಲ್ಲ. ರಿಸರ್ಪಿನ್‌ನಿಂದ ನಿಶ್ಚಲವಾದ ಮೊಲಗಳಿಗೆ 1957ರಲ್ಲಿ ಅವರು ಡೋಪಮಿನ್ ಎಂಬ ರಾಸಾಯನಿಕಕ್ಕೆ ಮೂಲವಾದ ಎಲ್-ಡೋಪಾ ಕೊಟ್ಟರು. ಸ್ವಲ್ಪ ಹೊತ್ತಿನಲ್ಲೇ ಅವು ಎದ್ದು ಓಡಾಡಿದವು. ಸೆರೊಟೋನಿನ್‌ಗೆ ಮೂಲವಾದ ವಸ್ತು ಕೊಟ್ಟಾಗ ಹಾಗಾಗಲಿಲ್ಲ. ಅಲ್ಲಿಯವರೆಗೆ ಡೋಪಮಿನ್ ಎಂದರೆ ಬೇರೊಂದು ರಾಸಾಯನಿಕ ತಯಾರಾಗುವ ಹಾದಿಯ ನಡುವಿನ ಹಂತ, ಅಷ್ಟೇ. ಅದಕ್ಕೆ ಮಿದುಳಿನಲ್ಲಿ ತನ್ನದೇ ಕೆಲಸವಿದೆ, ಚಲನೆಗೆ ಅದು ಬೇಕೇಬೇಕು ಎಂಬ ಅರಿವು ಹುಟ್ಟಿದ್ದು ಇಲ್ಲಿಂದ. ಮುಂದೆ ವಿಯೆನ್ನಾದಲ್ಲಿ ಹಾರ್ನಿಕೀವಿಚ್ ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಡೋಪಮಿನ್ ಕೊರತೆ ಕಂಡರು, ಎಲ್-ಡೋಪಾ ಆ ರೋಗಿಗಳ ಔಷಧಿಯಾಯಿತು, ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು. ಇಂದು ಪಾರ್ಕಿನ್ಸನ್ ಇರುವ ಅಜ್ಜ ಅಜ್ಜಿಯರು ಊಟಕ್ಕೆ ಮೊದಲು ನುಂಗುವ ಗುಳಿಗೆಯ ವಂಶಾವಳಿಯಲ್ಲಿ ಸರ್ಪಗಂಧದ ಬೇರೂ ಇದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ತಿಳಿಯಬೇಕು ಎನ್ನುವುದು ನನ್ನ ಆಸೆ.

ಇದೇ ಔಷಧಿ ವಿಜ್ಞಾನವನ್ನು ಅಡ್ಡದಾರಿಗೂ ಎಳೆಯಿತಲ್ಲ ಎಂಬುದು ಎರಡನೆಯ, ಹೆಚ್ಚು ಗಂಭೀರವಾದ ಆಕ್ಷೇಪ. ರಿಸರ್ಪಿನ್ ತೆಗೆದುಕೊಂಡ ಕೆಲವು ರಕ್ತದೊತ್ತಡದ ರೋಗಿಗಳು ಖಿನ್ನತೆಗೆ ಜಾರಿದರು. ರಿಸರ್ಪಿನ್ ಸೆರೊಟೋನಿನ್ ಮುಂತಾದವನ್ನು ಬರಿದುಮಾಡುತ್ತದೆ, ಖಿನ್ನತೆಯನ್ನೂ ತರುತ್ತದೆ, ಆದ್ದರಿಂದ ಖಿನ್ನತೆಯೆಂದರೆ ಆ ರಾಸಾಯನಿಕಗಳ ಕೊರತೆ ಎಂಬ ತರ್ಕ ಬಲಗೊಂಡು 1960ರ ದಶಕದಲ್ಲಿ ಸಿದ್ಧಾಂತವೇ ಆಯಿತು. ತರ್ಕ ಸರಳವಾಗಿತ್ತು, ಪುರಾವೆ ಅಷ್ಟು ಸರಳವಾಗಿರಲಿಲ್ಲ. 1954ರಲ್ಲಿ ಎಡ್ವರ್ಡ್ ಫ್ರೈಸ್ ವರದಿ ಮಾಡಿದ್ದು ದೊಡ್ಡ ಪ್ರಮಾಣವನ್ನು ದೀರ್ಘಕಾಲ ಸೇವಿಸಿದವರ ಬಗ್ಗೆ. ಮರುವರ್ಷ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಡೇವಿಸ್ ಮತ್ತು ಶೆಪರ್ಡ್ ಆತಂಕ ಹಾಗೂ ಖಿನ್ನತೆ ಇದ್ದವರಿಗೇ ರಿಸರ್ಪಿನ್ ಕೊಟ್ಟು, ಔಷಧಿಯಿಲ್ಲದ ಗುಳಿಗೆ ಪಡೆದವರೊಂದಿಗೆ ಹೋಲಿಸಿದಾಗ ರಿಸರ್ಪಿನ್ ಪಡೆದವರೇ ಹೆಚ್ಚು ಚೇತರಿಸಿಕೊಂಡಿದ್ದರು. ಆ ಪ್ರಯೋಗವನ್ನು ಹೆಚ್ಚಿನವರು ಮರೆತರು, ಸಿದ್ಧಾಂತ ಉಳಿಯಿತು. ತಪ್ಪು ಬೇರಿನದಲ್ಲ. ಹಿಡಿಸಿದ ಪುರಾವೆಯನ್ನು ಎತ್ತಿಹಿಡಿದು, ಹಿಡಿಸದ್ದನ್ನು ಬದಿಗಿಟ್ಟ ಓದಿನದು. ಖಿನ್ನತೆಯ ಇತಿಹಾಸ ಇರುವವರಿಗೆ ರಿಸರ್ಪಿನ್ ಕೊಡಬಾರದೆಂಬ ಎಚ್ಚರಿಕೆ ಇಂದಿಗೂ ಸರಿಯೇ. ಆದರೆ ಖಿನ್ನತೆಯನ್ನು ಒಂದೇ ರಾಸಾಯನಿಕದ ಕೊರತೆ ಎಂದು ರೋಗಿಗೆ ವಿವರಿಸುವುದಕ್ಕೆ ಈ ಚರಿತ್ರೆ ಆಧಾರ ಕೊಡುವುದಿಲ್ಲ.

ಮನೋರೋಗದ ಔಷಧಿಯಾಗಿ ರಿಸರ್ಪಿನ್ ಬೇಗನೆ ಹಿಂದೆ ಸರಿಯಿತು. ಕ್ಲೋರ್‌ಪ್ರೊಮಜಿನ್ ಬೇಗ ಕೆಲಸ ಮಾಡುತ್ತಿತ್ತು, ಪರಿಣಾಮ ಹೆಚ್ಚು ಊಹೆಗೆ ಸಿಗುತ್ತಿತ್ತು. ಈ ನಡುವೆ ಔಷಧಿ ಕಂಪನಿಗಳ ಬೇಡಿಕೆಗೆ ಕಾಡಿನ ಗಿಡಗಳನ್ನು ಬೇರುಸಹಿತ ಕಿತ್ತು ಸಾಗಿಸಿದ್ದರ ಬೆಲೆಯನ್ನು ಸಸ್ಯಸಂಕುಲ ತೆತ್ತಿತು. 1990ರಿಂದ ಸರ್ಪಗಂಧದ ಅಂತರರಾಷ್ಟ್ರೀಯ ವ್ಯಾಪಾರ, ಅಳಿವಿನ ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಸಂಬಂಧಿಸಿದ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಔಷಧಿ ಹಿಂದೆ ಸರಿದರೂ ಅದು ಕಲಿಸುವ ಪಾಠ ಮುಗಿಯಲಿಲ್ಲ. ರಿಸರ್ಪಿನ್ ನರಕೋಶದೊಳಗೆ ಎಲ್ಲಿ ಕೆಲಸ ಮಾಡುತ್ತದೆಂಬುದು ನಂತರ ಗೊತ್ತಾಯಿತು. ಡೋಪಮಿನ್, ಸೆರೊಟೋನಿನ್‌ಗಳನ್ನು ಕೋಶದ ಸಣ್ಣ ಚೀಲಗಳಿಗೆ ತುಂಬುವ ಸಾಗಣೆ ಪ್ರೊಟೀನನ್ನು ಅದು ತಡೆಯುತ್ತದೆ. ಅದೇ ಪ್ರೊಟೀನನ್ನು ತಾತ್ಕಾಲಿಕವಾಗಿ, ಮತ್ತೆ ಬಿಟ್ಟುಕೊಡುವ ರೀತಿಯಲ್ಲಿ ತಡೆಯುವ ಟೆಟ್ರಾಬೆನಜಿನ್ ಹಂಟಿಂಗ್ಟನ್ ಕಾಯಿಲೆಯ ರೋಗಿಗಳ ಅಂಕೆಯಿಲ್ಲದ ಚಲನೆಗೆ ಇಂದು ಔಷಧಿ. ಅದರ ಬಳಗದ ವಾಲ್ಬೆನಜಿನ್ 2017ರಲ್ಲಿ ಅಮೆರಿಕದ ಅನುಮತಿ ಪಡೆಯಿತು. ಕ್ಲೋರ್‌ಪ್ರೊಮಜಿನ್ ಮತ್ತು ಅದರ ಜಾತಿಯ ಗುಳಿಗೆಗಳನ್ನು ವರ್ಷಗಟ್ಟಲೆ ನುಂಗಿದವರ ತುಟಿ, ನಾಲಿಗೆ, ದವಡೆಗಳು ತಮ್ಮಷ್ಟಕ್ಕೆ ಅಲ್ಲಾಡತೊಡಗುವ ತೊಂದರೆಗೆ ಈಗ ಅದನ್ನು ಕೊಡುತ್ತಾರೆ.