ಬಯಲುಸೀಮೆಯ ಮರಕ್ಕೂ ಆರ್ಕಿಡ್ ಒಗ್ಗುತ್ತದೆ

ಆರ್ಕಿಡ್ ಎಂದರೆ ಮಳೆಕಾಡಿನ ಹೂವು, ಅದೇನಿದ್ದರೂ ಕೊಡಗಿಗೆ, ಮಲೆನಾಡಿಗೆ ಸರಿ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಕಾಣುವ ನಾಗಮಂಗಲದಂಥ ಕಡೆ ಅದನ್ನು ಸಾಕುವುದು ದುಡ್ಡು ದಂಡ ಎಂಬ ಅಭಿಪ್ರಾಯ ಬಲವಾಗಿದೆ. ನರ್ಸರಿಯಿಂದ ತಂದ ಗಿಡ ಕೆಲವೇ ತಿಂಗಳಲ್ಲಿ ಹಾಳಾದದ್ದನ್ನು ಕಂಡವರಿಗೆ ಇದು ನಿಜವೆನಿಸುವುದು ಸಹಜ. ಆದರೆ ಹಾಗೆ ಸತ್ತ ಗಿಡವನ್ನು ಕುಂಡದಿಂದ ಕಿತ್ತು ನೋಡಿದರೆ ಸಾಮಾನ್ಯವಾಗಿ ಬೇರು ಕಪ್ಪಾಗಿ, ಮೆತ್ತಗಾಗಿರುತ್ತದೆ. ಒಣಹವೆ ಬೇರನ್ನು ಒಣಗಿಸೀತೇ ಹೊರತು ಕೊಳೆಸಲಾರದು. ಕೊಳೆಸುವುದು ಕುಂಡದ ಮಣ್ಣು ಮತ್ತು ಅದಕ್ಕೆ ದಿನವೂ ಸುರಿಯುವ ನೀರು. ಸೀಮೆಯ ಮೇಲೆ ಹೊರಿಸುವ ತಪ್ಪು ಬಹುಮಟ್ಟಿಗೆ ಸಾಕುವ ಕ್ರಮದ್ದು.

ಇದಕ್ಕೆ ದೊಡ್ಡ ಸಾಕ್ಷಿ ವ್ಯಾಂಡಾ ಟೆಸಲೇಟಾ ಎಂಬ ನಮ್ಮದೇ ನಾಡಿನ ಆರ್ಕಿಡ್. ಭಾರತ, ಶ್ರೀಲಂಕಾ, ಮ್ಯಾನ್ಮಾರ್‌ಗಳಲ್ಲಿ ಹಬ್ಬಿರುವ ಈ ಗಿಡಕ್ಕೆ ದಟ್ಟ ಮಳೆಕಾಡೇ ಬೇಕೆಂದಿಲ್ಲ. ಎಲೆಯುದುರುವ ಒಣ ಕಾಡಿನ ಮರಗಳ ಮೇಲೂ ಬೆಳೆಯುತ್ತದೆ. ಪಟ್ಟಿಯಂತೆ ಕಿರಿದಾಗಿ ಬಾಗಿದ ದಪ್ಪ ಎಲೆ, ಚೌಕುಳಿ ಗೆರೆಗಳ ಬೂದುಗಂದು ದಳ, ನೀಲಿ ಅಥವಾ ನೇರಳೆ ತುಟಿ, ಜೊತೆಗೆ ಒಳ್ಳೆಯ ಘಮ. ದೊಡ್ಡ ಹೂವಿನ ಮಿಶ್ರತಳಿಗಳಿಗೆ ಪರಿಮಳ ತರಲು ತಳಿಗಾರರು ಇದನ್ನು ಬಳಸಿಕೊಂಡಿದ್ದಾರೆ. ಒಣ ಸೀಮೆಯಲ್ಲಿ ಇದು ಬದುಕುವ ಗುಟ್ಟು ಬೇರಿನಲ್ಲಿದೆ. ಗಾಳಿಯಲ್ಲಿ ಇಳಿಬಿದ್ದ ದಪ್ಪ ಬೇರಿನ ಸುತ್ತ ಸ್ಪಂಜಿನಂಥ ಬಿಳಿ ಪದರವೊಂದಿರುತ್ತದೆ. ಮಳೆ ಬಿದ್ದೊಡನೆ ಅದು ನೀರು ಹೀರಿ ಹಸಿರಾಗುತ್ತದೆ, ಒಣಗಿದಾಗ ಮತ್ತೆ ಬೆಳ್ಳಿಬಣ್ಣಕ್ಕೆ ತಿರುಗುತ್ತದೆ. ಎಲೆಗಳಾದರೋ ಉಸಿರುರಂಧ್ರಗಳನ್ನು ಹೆಚ್ಚಾಗಿ ರಾತ್ರಿ ತೆರೆದು, ಹಗಲಿನ ಬಿಸಿಲಿಗೆ ಮುಚ್ಚಿಕೊಂಡು ನೀರು ಉಳಿಸುತ್ತವೆ. ಕಳ್ಳಿಯ ಜಾತಿಯವು ಅನುಸರಿಸುವ ಉಪಾಯವೇ ಇದು. ಹೀಗೆ ನೆನೆದು ಒಣಗುವ ಲಯಕ್ಕೆ ಹೊಂದಿಕೊಂಡ ಬೇರನ್ನು ಸದಾ ಒದ್ದೆಯ ಮಣ್ಣಿನಲ್ಲಿ ಹೂತರೆ ಅದಕ್ಕೆ ಗಾಳಿ ಸಿಗದೆ ಕೊಳೆಯದೆ ಇನ್ನೇನಾದೀತು?

ಆದ್ದರಿಂದ ಇದಕ್ಕೆ ಹಿತ್ತಲಿನ ಮರವೇ ಒಳ್ಳೆಯ ನೆಲೆ. ಮಾವು, ಹುಣಸೆಗಳ ಒರಟು ತೊಗಟೆ ಬೇರಿಗೆ ಹಿಡಿತ ಕೊಡುತ್ತದೆ. ತೊಗಟೆ ಸುಲಿದು ಬೀಳುವ ಸೀಬೆ, ನೀಲಗಿರಿ ಬೇಡ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಮೂಡಣ ಮಗ್ಗುಲು ಹಿಡಿಸುತ್ತದೆ. ಮಂಡ್ಯ ಜಿಲ್ಲೆಯಲ್ಲಿ ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಮಳೆ ಜೋರು. ಈ ಎರಡರ ನಡುವೆ, ಬೇರಿನ ಹಸಿರು ತುದಿ ಚಿಗುರುವಾಗ ಗಿಡವನ್ನು ನಾರಿನ ಹಗ್ಗದಿಂದ ಅಲುಗಾಡದಂತೆ ಕಟ್ಟಿದರೆ ಬೇಸಿಗೆಗೆ ಮುನ್ನ ಬೇರು ಕಚ್ಚಿಕೊಳ್ಳಲು ಕಾಲ ಸಿಗುತ್ತದೆ. ಸುಳಿಯಲ್ಲಿ ನೀರು ನಿಲ್ಲದಂತೆ ತುಸು ಓರೆಯಾಗಿ ಕಟ್ಟಬೇಕು, ಸುಳಿ ಕೊಳೆತರೆ ಗಿಡ ಉಳಿಯುವುದು ಕಷ್ಟ. ಮರವಿಲ್ಲದವರು ಮರದ ಪಟ್ಟಿಯ ತೂಗುಬುಟ್ಟಿಗೆ ಇದ್ದಿಲ ತುಂಡು ಹಾಕಿ ಸಾಕಬಹುದು. ತೆಂಗಿನ ಸೀಮೆಯಲ್ಲಿ ಸುಲಭವಾಗಿ ಸಿಗುವ ಮಟ್ಟೆಯನ್ನೂ ಬಳಸಬಹುದು, ಆದರೆ ಉಪ್ಪಿನಂಶ ಮತ್ತು ಒಗರು ಹೋಗುವಂತೆ ನೀರು ಬದಲಿಸುತ್ತ ಕೆಲವು ದಿನ ನೆನೆಸಿಡಬೇಕು. ಬೆಳಕಿನ ಲೆಕ್ಕವನ್ನು ಎಲೆಯೇ ಹೇಳುತ್ತದೆ: ಕಡುಹಸಿರಾದರೆ ಬೆಳಕು ಸಾಲದು, ತಿಳಿಹಸಿರಾದರೆ ಸರಿ, ಹಳದಿಗೆ ತಿರುಗಿ ಸುಟ್ಟ ಕಲೆ ಬಿದ್ದರೆ ಬಿಸಿಲು ಹೆಚ್ಚು.

ಇದಕ್ಕೆ ಆಕ್ಷೇಪಗಳೂ ಉಂಟು. ಮೊದಲನೆಯದು, ಇದು ಬಂದಳಿಕೆಯಂತೆ ಮರದ ರಸ ಹೀರುತ್ತದೆ ಎಂಬುದು. ಬಂದಳಿಕೆ ತನ್ನ ಬೇರನ್ನು ಕೊಂಬೆಯೊಳಗೇ ಇಳಿಸುತ್ತದೆ. ಆರ್ಕಿಡ್ ತೊಗಟೆಯ ಮೇಲ್ಮೈಯನ್ನಷ್ಟೇ ಹಿಡಿಯುತ್ತದೆ. ಅದರ ಆಹಾರ ಮಳೆನೀರು, ಧೂಳು, ಕೊಳೆತ ಎಲೆಗಳಿಂದ ಬರುತ್ತದೆ, ಫಸಲಿಗೆ ನಷ್ಟವಿಲ್ಲ. ಎರಡನೆಯದು, ಕಾಲುವೆ ನೀರಿನಿಂದ ತಂಪಾದ ಶ್ರೀರಂಗಪಟ್ಟಣ, ಪಾಂಡವಪುರದ ಗದ್ದೆಬಯಲಿಗೆ ಸರಿ, ಮಳೆಯನ್ನೇ ನಂಬಿದ ನಾಗಮಂಗಲದ ಮಾರ್ಚ್-ಏಪ್ರಿಲ್ ಬಿಸಿಲಿಗೆ ಗಿಡ ತಡೆದೀತೇ ಎಂಬುದು. ಈ ಮಾತಿನಲ್ಲಿ ಹುರುಳಿದೆ. ಹೊಸದಾಗಿ ಕಟ್ಟಿದ ಗಿಡಕ್ಕೆ ಮೊದಲ ಬೇಸಿಗೆಯಲ್ಲಿ ದಿನವೂ ಬೆಳಿಗ್ಗೆ ಬೇರು ಹಸಿರಾಗುವವರೆಗೆ ನೀರು ಎರಚಲೇಬೇಕು. ಚೆನ್ನಾಗಿ ಬೇರೂರಿದ ಮೇಲೆ ಈ ಉಪಚಾರ ಕಡಿಮೆ ಸಾಕು. ಮೂರನೆಯದು ನೀರಿನದ್ದು. ಗಡಸು ಬೋರ್‌ವೆಲ್ ನೀರು ಬೇರಿನ ಮೇಲೆ ಬಿಳಿ ಪದರು ಕಟ್ಟುತ್ತದೆ, ಆದ್ದರಿಂದ ಚಾವಣಿಯಿಂದ ಹಿಡಿದಿಟ್ಟ ಮಳೆನೀರು ಮೇಲು. ನೀರಲ್ಲಿ ಕರಗುವ 19:19:19 ಗೊಬ್ಬರವನ್ನು ಚೀಟಿಯಲ್ಲಿ ಹೇಳಿದ ಪ್ರಮಾಣದ ಕಾಲುಭಾಗದಷ್ಟು ಕಲಸಿ, ಬೆಳವಣಿಗೆಯ ಕಾಲದಲ್ಲಿ ವಾರಕ್ಕೊಮ್ಮೆ, ಬೇರು ಒದ್ದೆಯಿದ್ದಾಗ ಚಿಮುಕಿಸಿದರೆ ಸಾಕು.

ಹೀಗೆ ಒಗ್ಗುವ ಗಿಡವಾದರೆ ಕಾಡಿನಿಂದಲೇ ತರಬಹುದಲ್ಲ ಎಂದು ಕೇಳುವವರಿದ್ದಾರೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ವನ್ಯಧಾಮದಂಥ ಕಡೆ ಗಿಡ ಕೀಳುವುದು ಕಾನೂನಿಗೆ ವಿರುದ್ಧ. ಕಾನೂನಿಗಿಂತ ಗಟ್ಟಿಯಾದ ಕಾರಣವೊಂದೂ ಇದೆ. ಆರ್ಕಿಡ್ ಕಾಯಿಯೊಂದರಲ್ಲಿ ಸಾವಿರಾರು, ಕೆಲವು ಜಾತಿಗಳಲ್ಲಿ ಲಕ್ಷಾಂತರ ಧೂಳಿನಂಥ ಬೀಜಗಳಿದ್ದರೂ ಅವುಗಳಲ್ಲಿ ಮೊಳಕೆಗೆ ಬೇಕಾದ ಆಹಾರದ ಸಂಗ್ರಹವೇ ಇಲ್ಲ. ಸರಿಯಾದ ಶಿಲೀಂಧ್ರದ ನೆರವು ಸಿಕ್ಕ ಬೀಜ ಮಾತ್ರ ಕಾಡಿನಲ್ಲಿ ಮೊಳೆಯುತ್ತದೆ, ಮೊಳೆತದ್ದು ಹೂಬಿಡಲು ವರ್ಷಗಳೇ ಬೇಕು. ಕಿತ್ತ ಗಿಡದ ಜಾಗ ಬೇಗ ತುಂಬದು. ಆದರೆ 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಸಕ್ಕರೆ ಬೆರೆಸಿದ ಅಗಾರ್ ಮೇಲೆ ಶಿಲೀಂಧ್ರವಿಲ್ಲದೆಯೇ ಬೀಜ ಮೊಳೆಸುವ ದಾರಿ ತೋರಿಸಿದ ಮೇಲೆ ಪ್ರಯೋಗಾಲಯಗಳಲ್ಲಿ ಸಸಿ ಮಾಡುವುದು ಸುಲಭವಾಯಿತು. ಇಂದು ನರ್ಸರಿಗಳಲ್ಲಿ ಹಾಗೆ ಬೆಳೆಸಿದ ಸಸಿಗಳು ಸಿಗುತ್ತವೆ. ಕೊಳ್ಳುವಾಗ ಹೂವಿನ ಗಾತ್ರಕ್ಕೆ ಮರುಳಾಗದೆ ಗಟ್ಟಿ ಬೇರು, ಹಸಿರು ಬೇರುತುದಿ ನೋಡಿ ಆರಿಸಿಕೊಳ್ಳುವುದು ಲೇಸು; ಹೂ ಉದುರಿದ ಮೇಲೂ ಮುಂದಿನ ಬೇಸಿಗೆಯನ್ನು ದಾಟಿಸುವುದು ಆ ಬೇರೇ.