ಮನೆಗೆ ಎರಡು ಅಂತರಜಾಲ ಸಂಪರ್ಕ: ರೂಟರ್ ಹಂಚುವುದು ಹೇಗೆ?

ಗುಡ್ಡದ ಒರತೆಯ ನೀರನ್ನು ಪೈಪಿನ ಮೂಲಕ ಅಂಗಳದ ತೊಟ್ಟಿಗೆ ಇಳಿಸಿಕೊಳ್ಳುವುದು ಮಲೆನಾಡಿನ ಮನೆಗಳಲ್ಲಿ ರೂಢಿ. ಒಂದು ಒರತೆ ಸಾಲದಿದ್ದರೆ ಇನ್ನೊಂದರಿಂದಲೂ ಪೈಪು ಎಳೆಯುತ್ತಾರೆ. ಎರಡೂ ಕಡೆಯ ನೀರು ಬೆರೆತು ತೊಟ್ಟಿ ಬೇಗ ತುಂಬುತ್ತದೆ. ಹಾಗಾದರೆ ಒಂದು ಮನೆಗೆ ಎರಡು ಅಂತರಜಾಲ ಸಂಪರ್ಕ ಪಡೆದು ಒಂದೇ ರೂಟರಿಗೆ ಜೋಡಿಸಿದರೆ ವೇಗವೂ ಹೀಗೆಯೇ ಕೂಡುತ್ತದೆಯೇ? ಸಾಮಾನ್ಯವಾಗಿ ಇಲ್ಲ. ಆದರೂ ಎರಡನೆಯ ಸಂಪರ್ಕ ವ್ಯರ್ಥವಲ್ಲ. ಏಕೆಂಬುದನ್ನು ನೋಡೋಣ.

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 1904ರ ಡಿಸೆಂಬರ್ 29ರಂದು ಕುವೆಂಪು ಜನಿಸಿದ ಊರು ಇದು. ಇಂಥ ಮಲೆನಾಡ ಊರುಗಳಲ್ಲಿ ಮೊಬೈಲ್ ಗೋಪುರದ ಅಲೆಗಳಿಗೆ ಗುಡ್ಡ ಅಡ್ಡವಾಗುತ್ತದೆ. ಮಳೆಗಾಲದಲ್ಲಿ ಮರ ಉರುಳಿ ತಂತಿ ಹರಿಯುತ್ತದೆ. 2020ರಲ್ಲಿ ಕೋವಿಡ್‌ನಿಂದಾಗಿ ಪಾಠಗಳು ಅಂತರಜಾಲಕ್ಕೆ ಬಂದಾಗ, ಮಲೆನಾಡಿನ ಅನೇಕ ವಿದ್ಯಾರ್ಥಿಗಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕಾಯಿತು. ಸಿಇಟಿಯ ಕಾಲೇಜು ಆಯ್ಕೆಗಳನ್ನು ದಾಖಲಿಸುವ ಕೊನೆಯ ದಿನ ಸಂಪರ್ಕ ಕಡಿದರೆ ನಷ್ಟವಾಗುವುದು ಕೇವಲ ಸಮಯವಲ್ಲ.

ಈಗ ಮೂಲ ವಿಷಯಕ್ಕೆ ಬರೋಣ. ಅಂತರಜಾಲದಲ್ಲಿ ಮಾಹಿತಿ ಅಖಂಡ ಧಾರೆಯಾಗಿ ಹರಿಯುವುದಿಲ್ಲ. ಅದನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿ ಕಳುಹಿಸಲಾಗುತ್ತದೆ. ಇವಕ್ಕೆ ಪ್ಯಾಕೆಟ್ ಎಂದು ಹೆಸರು. ಅಂಚೆಯ ಲಕೋಟೆಯಂತೆ ಪ್ರತಿಯೊಂದು ಪ್ಯಾಕೆಟ್ಟಿನ ಮೇಲೂ ಕಳುಹಿಸಿದವರ ಮತ್ತು ತಲುಪಬೇಕಾದವರ ವಿಳಾಸಗಳಿರುತ್ತವೆ. ಅಮೆರಿಕದ ಪಾಲ್ ಬಾರನ್ ಎಂಬ ಎಂಜಿನಿಯರ್ 1964ರಲ್ಲಿ ಪ್ರಕಟಿಸಿದ ವರದಿಗಳಲ್ಲಿ, ಸಂದೇಶವನ್ನು ಹೀಗೆ ತುಂಡು ಮಾಡಿ ಹಲವು ದಾರಿಗಳಿರುವ ಬಲೆಯಲ್ಲಿ ಕಳುಹಿಸಿದರೆ, ಕೆಲವು ದಾರಿಗಳು ನಾಶವಾದರೂ ಸಂಪರ್ಕ ಉಳಿಯುತ್ತದೆ ಎಂದು ತೋರಿಸಿಕೊಟ್ಟರು. ಅಂದರೆ ಬಲೆಯ ಒಳಗೆ ದಾರಿಗಳು ಹಲವು. ಆದರೆ ಬಲೆಯಿಂದ ನಮ್ಮ ಮನೆಯವರೆಗಿನ ಕೊನೆಯ ದಾರಿ ಸಾಮಾನ್ಯವಾಗಿ ಒಂದೇ. ಅದು ಕಡಿದರೆ ಒಳಗಿನ ಹಲವು ದಾರಿಗಳಿಂದ ನಮಗೆ ಪ್ರಯೋಜನವಿಲ್ಲ. ಎರಡನೆಯ ಸಂಪರ್ಕ ತುಂಬುವುದು ಈ ಕೊರತೆಯನ್ನು.

ಹಾಗಿದ್ದರೂ ವೇಗ ಏಕೆ ಕೂಡುವುದಿಲ್ಲ? ಕಾರಣ ವಿಳಾಸದಲ್ಲಿದೆ. ಮನೆಯೊಳಗಿನ ಗಣಕಕ್ಕೂ ಫೋನಿಗೂ ರೂಟರ್ ಒಳವಿಳಾಸ ಕೊಡುತ್ತದೆ. ಹಲವು ಮನೆಗಳಲ್ಲಿ ಇದು 192.168 ಎಂದು ಆರಂಭವಾಗುತ್ತದೆ. ಹೊರಗೆ ಹೋಗುವಾಗ ಪ್ಯಾಕೆಟ್ ಆಯಾ ಸಂಪರ್ಕದ ಹೊರವಿಳಾಸವನ್ನು ಧರಿಸುತ್ತದೆ. ಎರಡು ಖಾತೆಗಳಿದ್ದರೆ ಹೊರವಿಳಾಸಗಳೂ ಎರಡು. ದೂರದ ಗಣಕ ನಿಮ್ಮನ್ನು ಗುರುತಿಸುವುದು ಈ ಹೊರವಿಳಾಸದಿಂದ. ಮಾತಿನ ಮೊದಲರ್ಧ ಒಂದು ವಿಳಾಸದಿಂದಲೂ ಉಳಿದರ್ಧ ಮತ್ತೊಂದರಿಂದಲೂ ಬಂದರೆ, ಮಾತನಾಡುತ್ತಿರುವವರು ಒಬ್ಬರೇ ಎಂದು ಅದಕ್ಕೆ ತಿಳಿಯುವುದಿಲ್ಲ. ಆದ್ದರಿಂದ ರೂಟರ್ ಪ್ಯಾಕೆಟ್‌ಗಳನ್ನು ಬಿಡಿಬಿಡಿಯಾಗಿ ಹಂಚುವುದಿಲ್ಲ. ಒಂದೊಂದು ಸಂಭಾಷಣೆಯನ್ನು ಇಡಿಯಾಗಿ ಒಂದೊಂದು ಸಂಪರ್ಕಕ್ಕೆ ಒಪ್ಪಿಸುತ್ತದೆ. ಒರತೆಯ ನೀರಿನ ಹೋಲಿಕೆ ಇಲ್ಲಿ ಹೊಂದುವುದಿಲ್ಲ. ನೀರಿನ ಹನಿಗೆ ವಿಳಾಸವಿಲ್ಲ, ಪ್ಯಾಕೆಟ್ಟಿಗೆ ಇದೆ.

ಒಂದು ಲೆಕ್ಕ ಮಾಡೋಣ. ಮನೆಯಲ್ಲಿ ಸೆಕೆಂಡಿಗೆ 20 ಮೆಗಾಬಿಟ್ ವೇಗದ ಒಂದು ಸಂಪರ್ಕವೂ 10 ಮೆಗಾಬಿಟ್‌ನ ಇನ್ನೊಂದೂ ಇವೆಯೆನ್ನಿ. 300 ಮೆಗಾಬೈಟಿನ ಒಂದು ಪಾಠದ ವಿಡಿಯೊ ಇಳಿಸಿಕೊಳ್ಳಬೇಕು. 8 ಬಿಟ್‌ಗೆ ಒಂದು ಬೈಟ್ ಆದ್ದರಿಂದ ಇದು 2400 ಮೆಗಾಬಿಟ್. ದೊಡ್ಡ ಸಂಪರ್ಕದಲ್ಲಿ 120 ಸೆಕೆಂಡು, ಅಂದರೆ 2 ನಿಮಿಷ ಬೇಕು. ಚಿಕ್ಕದನ್ನು ಸೇರಿಸಿದರೂ ಈ ಒಂದು ಕಡತಕ್ಕೆ 2 ನಿಮಿಷವೇ. ರೂಟರ್ ಅದನ್ನು ಚಿಕ್ಕ ಸಂಪರ್ಕಕ್ಕೆ ಒಪ್ಪಿಸಿದರಂತೂ 4 ನಿಮಿಷ! ಆದರೆ ಅಕ್ಕ, ತಮ್ಮ, ಅಪ್ಪ ಮೂವರೂ ಅಂಥ ಒಂದೊಂದು ಕಡತವನ್ನು ಏಕಕಾಲಕ್ಕೆ ಕೇಳಿದರೆ? ದೊಡ್ಡ ಸಂಪರ್ಕ ಒಂದೇ ಇದ್ದರೆ ಎಲ್ಲ ಮುಗಿಯಲು 6 ನಿಮಿಷ. ಇಬ್ಬರನ್ನು ದೊಡ್ಡದಕ್ಕೂ ಒಬ್ಬರನ್ನು ಚಿಕ್ಕದಕ್ಕೂ ಕಳುಹಿಸಿದರೆ ಪ್ರತಿಯೊಬ್ಬರಿಗೂ 10 ಮೆಗಾಬಿಟ್ ದೊರೆತು 4 ನಿಮಿಷದಲ್ಲಿ ಕೆಲಸ ಪೂರೈಸುತ್ತದೆ. ಈ 2:1 ಪ್ರಮಾಣವನ್ನು ರೂಟರಿಗೆ ಮೊದಲೇ ತಿಳಿಸಿಡಬಹುದು. ಇದೇ ಲೋಡ್ ಬ್ಯಾಲೆನ್ಸಿಂಗ್, ಅಂದರೆ ಹೊರೆ ಹಂಚಿಕೆ. ಇದರ ಲಾಭ ಒಬ್ಬರಿಗಿಂತ ಒಟ್ಟು ಮನೆಗೆ.

ಇದರಲ್ಲಿ ಒಂದು ತೊಡಕೂ ಉಂಟು. ಬ್ಯಾಂಕಿನ ತಾಣದಲ್ಲಿ ಒಂದು ಪುಟ ಒಂದು ವಿಳಾಸದಿಂದ, ಮುಂದಿನ ಪುಟ ಇನ್ನೊಂದರಿಂದ ಕೇಳಿದರೆ ತಾಣ ಅನುಮಾನಪಟ್ಟು ನಿಮ್ಮನ್ನು ಹೊರಹಾಕಬಹುದು. ಆದ್ದರಿಂದ ‘ಓದಿನ ಗಣಕ ಯಾವಾಗಲೂ ಮೊದಲ ಸಂಪರ್ಕದಲ್ಲೇ ಹೋಗಲಿ, ಟಿ.ವಿ. ಎರಡನೆಯದರಲ್ಲಿ ಹೋಗಲಿ’ ಎಂದು ಉಪಕರಣವಾರು ನಿಯಮ ಮಾಡಿಡುವುದು ಒಳ್ಳೆಯದು.

ಎರಡನೆಯ ವಿಧಾನಕ್ಕೆ ಫೇಲ್‌ಓವರ್ ಎನ್ನುತ್ತಾರೆ. ಇಲ್ಲಿ ಒಂದು ಸಂಪರ್ಕ ದುಡಿಯುತ್ತದೆ, ಇನ್ನೊಂದು ಕಾದಿರುತ್ತದೆ. ರೂಟರ್ ಕೆಲವು ಸೆಕೆಂಡಿಗೊಮ್ಮೆ ದೂರದ ಒಂದು ವಿಳಾಸಕ್ಕೆ ಪುಟ್ಟ ಪ್ಯಾಕೆಟ್ ಕಳುಹಿಸಿ ಉತ್ತರ ಬರುತ್ತದೆಯೇ ಎಂದು ಪರೀಕ್ಷಿಸುತ್ತದೆ. ಸತತವಾಗಿ ಉತ್ತರ ಬಾರದಿದ್ದರೆ ಕೆಲಸವನ್ನು ಕಾದಿರುವ ಸಂಪರ್ಕಕ್ಕೆ ವರ್ಗಾಯಿಸುತ್ತದೆ. ಪರೀಕ್ಷೆ ದೂರದ ವಿಳಾಸಕ್ಕೇ ಆಗಬೇಕು. ಏಕೆಂದರೆ ಮನೆಯ ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿದ್ದರೂ ನಾಲ್ಕು ಮೈಲಿ ಆಚೆ ತಂತಿ ಹರಿದಿರಬಹುದು. ವರ್ಗಾವಣೆಯ ಗಳಿಗೆಯಲ್ಲಿ ಹೊರವಿಳಾಸ ಬದಲಾಗುವುದರಿಂದ ವಿಡಿಯೊ ಕರೆ ಒಮ್ಮೆ ಕಡಿದು ಮತ್ತೆ ಕೂಡಿಕೊಳ್ಳಬೇಕಾದೀತು. ದಿನಕ್ಕೆ ಇಷ್ಟೇ ಜಿಬಿ ಎಂಬ ಮಿತಿಯಿರುವ ಸಿಮ್ ನಿಮ್ಮ ಎರಡನೆಯ ಸಂಪರ್ಕವಾಗಿದ್ದರೆ ಈ ವಿಧಾನವೇ ಲೇಸು.

ಹಿರೇಕೊಡಿಗೆಯಂಥ ಊರಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ರೂಟರಿನದಲ್ಲ, ದಾರಿಯದು. ಎರಡು ಖಾತೆಗಳ ತಂತಿಗಳೂ ಒಂದೇ ಸಾಲಿನ ಕಂಬಗಳ ಮೇಲೆ ಬಂದಿದ್ದರೆ ಒಂದೇ ಮರ ಎರಡನ್ನೂ ಕೆಡವುತ್ತದೆ. ಒಂದು ಆಪ್ಟಿಕಲ್ ಫೈಬರ್ ತಂತಿಯಿಂದಲೂ ಇನ್ನೊಂದು ಮೊಬೈಲ್ ಗೋಪುರದಿಂದಲೂ ಇದ್ದರೆ ವಾಸಿ. ಆಗಲೂ ಗೋಪುರಕ್ಕೆ ಬರುವ ಫೈಬರ್ ಅದೇ ದಾರಿಯದೇ ಎಂದು ವಿಚಾರಿಸಬೇಕು. ಇನ್ನು ಕರೆಂಟು ಹೋದರೆ ರೂಟರೇ ನಿಲ್ಲುತ್ತದೆ. ಎರಡು ಖಾತೆಗೆ ಹಣ ಕಟ್ಟುವ ಮುನ್ನ ರೂಟರಿಗೊಂದು ಪುಟ್ಟ ಬ್ಯಾಟರಿ ಕೊಳ್ಳುವುದು ಜಾಣತನ. ಒಂದೇ ಸಂಪರ್ಕ ಇರುವವರು, ತಂತಿ ಕಡಿದಾಗ ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡರೆ ಅದೂ ಫೇಲ್‌ಓವರೇ. ರೂಟರಿನ ಬದಲು ಕೆಲಸ ಮಾಡುವುದು ಕೈ, ಅಷ್ಟೆ.

ಕೊನೆಯಲ್ಲಿ ಒಂದು ಪ್ರಯೋಗ. ಫೋನನ್ನು ಮನೆಯ ವೈಫೈಗೆ ಜೋಡಿಸಿ, ನಿಮ್ಮ ಹೊರ ಐಪಿ ವಿಳಾಸವನ್ನು ತೋರಿಸುವ ಯಾವುದಾದರೂ ತಾಣದಲ್ಲಿ ಅದನ್ನು ನೋಡಿ ಬರೆದುಕೊಳ್ಳಿ. ಬಳಿಕ ವೈಫೈ ಆರಿಸಿ, ಸಿಮ್‌ನ ಸಂಪರ್ಕದಲ್ಲಿ ಮತ್ತೆ ನೋಡಿ. ಫೋನ್ ಅದೇ, ನೀವೂ ಅವರೇ. ಆದರೆ ವಿಳಾಸಗಳು ಬೇರೆ ಬೇರೆ. ಎರಡು ಸಂಪರ್ಕಗಳು ನೀರಿನಂತೆ ಬೆರೆಯದಿರುವುದಕ್ಕೆ ಕಾರಣ ನಿಮ್ಮ ಹಾಳೆಯ ಮೇಲೆಯೇ ಇರುತ್ತದೆ.