ಜಾತ್ರೆಯ ಜನ, ಗಲ್ಲಾಪೆಟ್ಟಿಗೆಯ ಹಣ

ಮಕ್ಕಳೇ, 2020ರ ಲಾಕ್‌ಡೌನ್ ನೆನಪಿದೆಯೇ? ಇಲ್ಲದಿದ್ದರೆ ಅಣ್ಣನನ್ನೋ ಅಕ್ಕನನ್ನೋ ಕೇಳಿ. ಶಾಲೆಗೆ ಬೀಗ, ಮೊಬೈಲಿನಲ್ಲಿ ಪಾಠ. ಎಷ್ಟೋ ಮನೆಗಳಿಗೆ ಆ ಪಾಠ ಬಂದದ್ದು ಝೂಮ್ ಆಪ್ ಮೂಲಕ. ದೂರದೂರಿನ ಮೊಮ್ಮಕ್ಕಳ ಹುಟ್ಟುಹಬ್ಬವನ್ನು ಅಜ್ಜ-ಅಜ್ಜಿಯರು ನೋಡಿದ್ದೂ ಅದರಲ್ಲೇ.

ಝೂಮ್ ಅಮೆರಿಕದ ಕ್ಯಾಲಿಫೋರ್ನಿಯಾದ ಕಂಪನಿ. ಎರಿಕ್ ಯುವಾನ್ ಎಂಬ ಎಂಜಿನಿಯರ್ 2011ರಲ್ಲಿ ಶುರು ಮಾಡಿದ್ದು. ಇದರ ಸಾಫ್ಟ್‌ವೇರ್ ಕಂಪನಿಯ ಕಂಪ್ಯೂಟರುಗಳಲ್ಲಿ ಓಡುತ್ತದೆ, ನಾವು ಇಂಟರ್ನೆಟ್‌ನಲ್ಲಿ ಬಳಸುತ್ತೇವೆ. ಈ ಪತ್ರಿಕೆಗೆ ಚಂದಾ ಕಟ್ಟುವ ಹಾಗೆ ತಿಂಗಳಿಗೋ ವರ್ಷಕ್ಕೋ ಹಣ ಕಟ್ಟಬೇಕು. ಪುಕ್ಕಟೆಯಾಗಿಯೂ ಬಳಸಬಹುದು. ಆದರೆ ಗುಂಪಿನ ಮಾತುಕತೆ 40 ನಿಮಿಷಕ್ಕೆ ನಿಂತುಹೋಗುತ್ತದೆ.

ನಾನು ಲೆಕ್ಕದ ಮೇಷ್ಟ್ರು. ದೊಡ್ಡ ಅಂಕಿ ಕಂಡರೆ, ಎಣಿಸಿದ್ದು ಏನನ್ನು ಎಂದು ಮೊದಲು ಕೇಳುತ್ತೇನೆ. 2019ರ ಡಿಸೆಂಬರಿನಲ್ಲಿ ಝೂಮ್ ಹೇಳಿದ ಲೆಕ್ಕ ದಿನಕ್ಕೆ 1 ಕೋಟಿ; 2020ರ ಏಪ್ರಿಲಿನಲ್ಲಿ 30 ಕೋಟಿ! ಈ 30 ಕೋಟಿಯನ್ನು ಕಂಪನಿ ಮೊದಲು ‘ಬಳಕೆದಾರರು’ ಎಂದಿತು. ಆಮೇಲೆ ‘ಸಭೆಗೆ ಸೇರಿದವರು’ ಎಂದು ತಿದ್ದಿತು. ಎರಡೂ ಒಂದೇ ಅಲ್ಲ. ನೀವೊಬ್ಬರೇ ದಿನಕ್ಕೆ ಐದು ತರಗತಿಗೆ ಕೂತರೆ, ಲೆಕ್ಕದಲ್ಲಿ ಐದು!

ಜಾತ್ರೆಯ ಬಳೆ ಅಂಗಡಿ ಮುಂದೆ ನೂರು ಜನ ನಿಂತಿರುತ್ತಾರೆ, ಕೊಳ್ಳುವವರು ಹತ್ತೇ ಜನ. ರಾತ್ರಿ ಅಂಗಡಿಯವರು ಎಣಿಸುವುದು ಗಲ್ಲಾಪೆಟ್ಟಿಗೆಯ ಹಣವನ್ನು, ನಿಂತವರ ತಲೆಗಳನ್ನಲ್ಲ.

ಝೂಮ್‌ನ ಗಲ್ಲಾಪೆಟ್ಟಿಗೆಯೇನೂ ಖಾಲಿ ಇರಲಿಲ್ಲ. ಅದರ ವರ್ಷದ ಆದಾಯ ಸುಮಾರು 62 ಕೋಟಿ ಡಾಲರಿನಿಂದ 265 ಕೋಟಿಗೆ ಏರಿತು. ಆದರೆ ಷೇರಿನ ಬೆಲೆ ಇನ್ನೂ ಜೋರಾಗಿ ಓಡಿತು. 2019ರಲ್ಲಿ 36 ಡಾಲರಿಗೆ ಮಾರಿದ ಷೇರು 2020ರ ಅಕ್ಟೋಬರಿನಲ್ಲಿ 550 ದಾಟಿತು. ಎಲ್ಲ ಷೇರುಗಳ ಒಟ್ಟು ಬೆಲೆ 15,000 ಕೋಟಿ ಡಾಲರಿಗೂ ಹೆಚ್ಚು. ಅದನ್ನು 265ರಿಂದ ಭಾಗಿಸಿ ನೋಡಿ: ಐವತ್ತು ಪಟ್ಟಿಗೂ ಮೇಲೆ! ವರ್ಷಕ್ಕೆ ಒಂದು ಲಕ್ಷದ ವ್ಯಾಪಾರವಿರುವ ಅಂಗಡಿಯನ್ನು ಐವತ್ತು ಲಕ್ಷಕ್ಕೆ ಕೊಂಡ ಹಾಗೆ. ಅದೂ ವ್ಯಾಪಾರದ ಲೆಕ್ಕ. ಖರ್ಚು ಕಳೆದು ಉಳಿಯುವ ಲಾಭ ಇನ್ನೂ ಕಡಿಮೆ.

ಆ ಗುಂಗಿನಲ್ಲಿ ಒಂದು ತಮಾಷೆಯೂ ನಡೆಯಿತು. ‘ಝೂಮ್ ಟೆಕ್ನಾಲಜೀಸ್’ ಎಂಬ ಬೇರೊಂದು ಸಣ್ಣ ಕಂಪನಿಯ ಷೇರು, ಬರೀ ಹೆಸರಿನ ಬಲದಿಂದ ಏರತೊಡಗಿತು. 2020ರ ಮಾರ್ಚಿನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರು ಅದರ ವಹಿವಾಟನ್ನು ಕೆಲಕಾಲ ನಿಲ್ಲಿಸಬೇಕಾಯಿತು.

ಎಚ್ಚರದ ಹೂಡಿಕೆದಾರರ ಪ್ರಶ್ನೆ ಬೇರೆಯಾಗಿತ್ತು: ಶಾಲೆ, ಕಚೇರಿ ತೆರೆದ ಮೇಲೂ ಇವರೆಲ್ಲ ಚಂದಾ ಕಟ್ಟುತ್ತಾರೆಯೇ? ಉತ್ತರ ನಿಧಾನವಾಗಿ ಬಂತು. 2022ರ ಜನವರಿಗೆ ಮುಗಿದ ವರ್ಷದ ಆದಾಯ 410 ಕೋಟಿ ಡಾಲರ್. ಮರುವರ್ಷ 439 ಕೋಟಿ. ಆದಾಯ ಬೀಳಲಿಲ್ಲ, ಓಟ ನಿಂತಿತಷ್ಟೇ. ಆದರೆ 2022ರ ಕೊನೆಗೆ ಷೇರು 70 ಡಾಲರಿಗೂ ಕೆಳಗಿತ್ತು. 550 ಕೊಟ್ಟವರಿಗೆ ಉಳಿದದ್ದು ಎಂಟರಲ್ಲೊಂದು ಪಾಲು.

ಹಿರಿಯರೇ, “ಈ ಆಪ್‌ಗೆ ಕೋಟಿ ಜನ ಇದ್ದಾರೆ, ಪಿಂಚಣಿ ಹಣ ಹಾಕಿ” ಎಂದು ಯಾರಾದರೂ ಬಂದರೆ ಮೂರು ಪ್ರಶ್ನೆ ಕೇಳಿ. ದುಡ್ಡು ಕೊಡುವವರು ಎಷ್ಟು ಜನ? ಮುಂದಿನ ವರ್ಷವೂ ಕೊಡುತ್ತಾರೆಯೇ? ಕಂಪನಿಯ ಬೆಲೆ ವರ್ಷದ ಆದಾಯದ ಎಷ್ಟು ಪಟ್ಟು? ಕೊನೆಯದಕ್ಕೆ ಭಾಗಾಕಾರ ಬಂದರೆ ಸಾಕು. ಪೆನ್ಸಿಲ್ ಹಿಡಿದ ಮೊಮ್ಮಕ್ಕಳು ಪಕ್ಕದಲ್ಲೇ ಇದ್ದಾರಲ್ಲ!